ಹೊರಗೆ ಬರಬೇಕಾದ ತಂತಿ

ನಮ್ಮ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಕಂಪನಿಯಲ್ಲಿ ಬೆನ್ನ ಹಿಂದೆ ಅವಳನ್ನು ಮೆಣಸಿನಕಾಯಿ ಎನ್ನುತ್ತಾರಂತೆ. ಒಬ್ಬ ಮಾತ್ರ ಬಾಯಿತಪ್ಪಿ ಎದುರಿಗೇ ಅಂದನಂತೆ. ಆಮೇಲೆ ಬೇರೆ ಮಹಡಿಗೆ ವರ್ಗ ಕೇಳಿಕೊಂಡು ಹೋದ. ನಾನು ಅವಳ ತಮ್ಮ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ನನಗೂ ಕೋಪ ಕಡಿಮೆಯೇನಲ್ಲ, ಆದರೆ ನನ್ನದು ಒಳಗೊಳಗೇ ಕುದಿಯುವ ಜಾತಿ. ಅವಳದು ಉಕ್ಕಿ ಒಲೆಯನ್ನೇ ಆರಿಸುವಂಥದ್ದು. ಈ ಸಂಗತಿಯಲ್ಲಿ ಅವಳ ಕೋಪವೇ ಸರಿಯಾಗಿತ್ತು. ಅದನ್ನು ಕೊನೆಗೆ ಹೇಳೋಣ ಎಂದು ಬಚ್ಚಿಟ್ಟುಕೊಳ್ಳುವಷ್ಟು ತಾಳ್ಮೆ ನನಗಿಲ್ಲ.

ಅಕ್ಕನ ಕೆಲಸ ತಂತಿಯ ವಿನ್ಯಾಸ. ಕೂದಲಿಗಿಂತ ತುಸು ದಪ್ಪದ, ಸ್ಪ್ರಿಂಗಿನಂತೆ ಸುತ್ತಿದ ತಂತಿ. ಅದನ್ನು ಸೂಜಿಯೊಳಗಿಟ್ಟು ನೋಯುವ ನರದ ಪಕ್ಕಕ್ಕೆ ಸೇರಿಸುತ್ತಾರೆ. ಸೂಜಿ ಹೊರಗೆ ಬರುತ್ತದೆ, ತಂತಿ ಒಳಗೆ ಉಳಿಯುತ್ತದೆ. ಜಾರದಿರಲಿ ಎಂದು ತುದಿಯಲ್ಲಿ ಗಾಳದಂಥ ಪುಟ್ಟ ಕೊಕ್ಕೆ. ಚರ್ಮದ ಹೊರಗಿನ ತುದಿಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಅದರಿಂದ ನರಕ್ಕೆ ಸಣ್ಣಗೆ ಕರೆಂಟು. ದಿನಾ ಆ ಚುರುಚುರು ಕೊಡುತ್ತ ಹೋದರೆ ಬಹಳ ಜನಕ್ಕೆ ನೋವು ಇಳಿಯುತ್ತದೆ. ಎರಡು ತಿಂಗಳಾದ ಮೇಲೆ ತಂತಿಯನ್ನು ಎಳೆದು ತೆಗೆಯುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ.

ಕಂಪನಿಯವರ ಕಣ್ಣೆಲ್ಲ ಹಾಕುವುದರ ಮೇಲೆ. ಎಷ್ಟು ಸಲೀಸಾಗಿ ಒಳಗೆ ಹೋಯಿತು, ಎಷ್ಟು ಗಟ್ಟಿಯಾಗಿ ನಿಂತಿತು ಎಂದು ಫೋಟೊ ಹಿಡಿದು ಗೋಡೆಗೆ ಹಾಕಿಕೊಂಡಿದ್ದಾರೆ. ಹೊರಗೆ ಬಂದ ತಂತಿಯ ಫೋಟೊ ಒಂದೂ ಇಲ್ಲ.

"ತಾತ್ಕಾಲಿಕ ಅಂದ್ರೆ ಏನೋ?" ಎಂದು ಅಕ್ಕ ಊಟಕ್ಕೆ ಕೂತಾಗಲೆಲ್ಲ ನನ್ನನ್ನು ಕೆಣಕುತ್ತಿದ್ದಳು. "ಒಳಗೆ ಹೋಗೋದಲ್ಲ. ಪೂರ್ತಿ ಹೊರಗೆ ಬರೋದು."

"ಅನ್ನ ಆರ್ತಿದೆ, ಅದೂ ಪೂರ್ತಿ ಒಳಗೆ ಹೋಗ್ಲಿ," ಎಂದು ಅಪ್ಪ ಅನ್ನುತ್ತಿದ್ದರು.

ಅಕ್ಕನ ಕೋಣೆಯಲ್ಲಿ ಎರಡು ಯಂತ್ರಗಳಿವೆ. ಒಂದು, ಭುಜ ಆಡಿದ ಹಾಗೆ ತಂತಿಯನ್ನು ವಾರಗಟ್ಟಲೆ ಬಗ್ಗಿಸುತ್ತದೆ. ಇನ್ನೊಂದು, ಗಟ್ಟಿ ಲೋಳೆಯಲ್ಲಿ ಹೂತ ತಂತಿಯನ್ನು ಎಳೆಯುತ್ತದೆ. ಬಗ್ಗಿಸಿದ ತಂತಿ ಮುರಿಯಲಿಲ್ಲವೇ, ಪಾಸು, ಕಸದ ಡಬ್ಬಿಗೆ. ಎಳೆಯುವುದಕ್ಕೆ ಹೊಸ ತಂತಿ, ಅದೂ ಪಾಸು. ಬಗ್ಗಿ ಬಗ್ಗಿ ದಣಿದ ತಂತಿಯನ್ನೇ ತಂದು ಎಳೆದು ನೋಡಬೇಕು ಎಂದು ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ತಂತಿ ಜಾರುತ್ತಿದೆ ಎಂಬ ದೂರು ಬಂದು, ಕೊಕ್ಕೆಯನ್ನು ಇನ್ನಷ್ಟು ಚೂಪಾಗಿ ಬಗ್ಗಿಸಿದ ಮೇಲೆ ಅಕ್ಕನಿಗೆ ಹೊಳೆಯಿತು. ಅಷ್ಟು ಚೂಪಾಗಿ ಬಾಗಿದ ಕಡೆಯೇ ತಂತಿ ಬೇಗ ದಣಿಯುತ್ತದೆ. ಹೋಗಿ ಹೇಳಿದಳು. ಅವಳ ವಿಭಾಗದ ಸಾಹೇಬರು ನಕ್ಕರಂತೆ.

"ಎರಡೂ ಪಾಸಾಗಿದೆಯಲ್ಲಮ್ಮ. ಮತ್ತೆ ಎರಡು ತಿಂಗಳು ಬಗ್ಗಿಸ್ತಾ ಕೂತ್ಕೊಳ್ಳೋಕೆ ಆ ಯಂತ್ರ ಖಾಲಿ ಇಲ್ಲ."

ಅಕ್ಕ ಕೂಗಾಡಿದಳು. ಕೂಗಾಡಿದ್ದರಿಂದ ಅವಳ ಮಾತಿನ ತೂಕವೇ ಹೋಯಿತು. ಮೆಣಸಿನಕಾಯಿ ಮತ್ತೆ ಶುರು ಮಾಡಿದಳು ಎಂದು ಉಳಿದವರು ಕಣ್ಣಲ್ಲೇ ನಕ್ಕರು. ಮೆತ್ತಗೆ ಹೇಳಿದಾಗ ಕಿವಿಗೆ ಹಾಕಿಕೊಳ್ಳದವರು, ಜೋರಾಗಿ ಹೇಳಿದರೆ ದನಿಯ ಬಗ್ಗೆ ಮಾತಾಡುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಸ ಕೊಕ್ಕೆಯ ತಂತಿಗಳು ನಮ್ಮ ಆಸ್ಪತ್ರೆಗೆ ಬಂದೇಬಿಟ್ಟವು.

ಅಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಎಡಗೈ ಜೋತುಬಿತ್ತು. ಕೈ ಆಡದಿದ್ದರೂ ಭುಜ ಮಾತ್ರ ನೋಯುತ್ತಿತ್ತು. ಅಂಗಿಯ ತೋಳು ಏರಿಸುವಾಗ ಹಲ್ಲು ಕಚ್ಚಿ ಕಣ್ಣೀರು ಹಾಕುತ್ತಿದ್ದರು. ನಮ್ಮ ಡಾಕ್ಟರು ತಂತಿಯ ವಿಷಯ ಎತ್ತಿದರು.

"ಬೇಡ ಅಪ್ಪ. ಅದು ಹೊರಗೆ ಬರೋವಾಗ ಮುರಿಯುತ್ತೇನೋ ಅಂತ ನಂಗೆ ಅನುಮಾನ," ಎಂದಳು ಅಕ್ಕ.

"ನಿನಗೆ ಯಾವುದರ ಮೇಲೆ ಅನುಮಾನ ಇಲ್ಲ ಹೇಳು. ನಾನು ನಿದ್ದೆ ಮಾಡ್ಬೇಕು ಕಣೇ. ಹಾಕ್ಸು."

ಹಾಕಿದರು. ನೋವು ಇಳಿಯಿತು, ಸುಳ್ಳು ಹೇಳಬಾರದು. ಅಪ್ಪ ಗೊರಕೆ ಹೊಡೆಯುವುದನ್ನು ಕೇಳಿ ಅಕ್ಕ ಬಾಗಿಲ ಬಳಿ ನಿಂತು ಅತ್ತಳು. ಅವಳಿಗೆ ಆ ತಂತಿಯ ಮೇಲೆ ಸಿಟ್ಟಿರಲಿಲ್ಲ. ಅದು ಅವಳ ಕೂಸು. ಅದನ್ನು ಅರೆಬರೆ ಪರೀಕ್ಷೆ ಮಾಡಿ ಜನರ ಮೈಯೊಳಗೆ ಕಳಿಸಿದವರ ಮೇಲೆ ಸಿಟ್ಟು. ತೆಗೆಯುವ ದಿನ ಡಾಕ್ಟರು ಮೆಲ್ಲಗೆ ಎಳೆದರು, ತಂತಿ ಕೊಕ್ಕೆಯ ಸಮೇತ ಪೂರ್ತಿ ಬಂತು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಅದನ್ನು ತೊಳೆಸಿ, ಶುದ್ಧ ಮಾಡಿಸಿ, ಒಂದು ಪುಟ್ಟ ಸೀಸೆಗೆ ಹಾಕಿಕೊಂಡು ಹೋದಳು.

ಮುಂದಿನದು ಅವಳೇ ಹೇಳಿದ್ದು. ಸುದ್ದಿ ಅವಳಿಗಿಂತ ಮೊದಲೇ ಕಂಪನಿಗೆ ಮುಟ್ಟಿತ್ತು. ಸಾಹೇಬರು ಎಲ್ಲರೆದುರು, "ನೋಡಿ, ಇವರ ತಂದೆಯವರದ್ದೇ ಪೂರ್ತಿ ಬಂತು. ಇನ್ನಾದ್ರೂ ಸಮಾಧಾನ ಆಯ್ತಲ್ಲ," ಎಂದರಂತೆ. ನಮ್ಮಪ್ಪನ ಅದೃಷ್ಟವನ್ನೇ ತಂದು ನಮ್ಮಕ್ಕನ ಬಾಯಿಗೆ ತುರುಕಿದರು. ಅವಳು ಅವತ್ತು ಕೂಗಾಡಲಿಲ್ಲ. ಸಾಹೇಬರನ್ನು ತನ್ನ ಕೋಣೆಗೆ ಕರೆದೊಯ್ದು, ಸೀಸೆಯ ತಂತಿಯನ್ನು ಎಳೆಯುವ ಯಂತ್ರಕ್ಕೆ ಕಚ್ಚಿಸಿದಳು. ಮೀಟರಿನ ಮುಳ್ಳು ಪಾಸಾಗುವ ಗೆರೆಗೆ ಅರ್ಧ ದಾರಿಯನ್ನೂ ಏರಿರಲಿಲ್ಲ, ತಂತಿ ಕೊಕ್ಕೆಯ ಬಳಿ ಪಟ್ಟನೆ ತುಂಡಾಯಿತು.

"ಅದು ಬಳಸಿದ ತಂತಿ. ಪರೀಕ್ಷೆಗೆ ಲೆಕ್ಕ ಇಲ್ಲ," ಎಂದರು ಸಾಹೇಬರು.

"ಬಳಸಿದ್ದನ್ನೇ ಅಲ್ವಾ ಸರ್ ಮೈಯಿಂದ ತೆಗೆಯೋದು? ಬಳಸದೇ ಇರೋದನ್ನ ಯಾರು ತೆಗೀತಾರೆ? ನಮ್ಮಪ್ಪನ ಭುಜ ಆಡೋದೇ ಇಲ್ಲ. ಆಡದ ಭುಜದಲ್ಲಿ ಇದ್ದದ್ದಕ್ಕೇ ಈ ಗತಿ. ಆಡೋ ಭುಜದಲ್ಲಿ ಇರೋದಕ್ಕೆ?"

ಸಾಹೇಬರು ಆ ತುಂಡನ್ನು ಕೈಗೆತ್ತಿಕೊಂಡು, ಹೊಸ ತಂತಿಗಳನ್ನು ಕಳಿಸುವುದನ್ನು ತಡೆಹಿಡಿಯೋಣ ಎಂದರು. ಆಗಲೇ ಹಾಕಿಸಿಕೊಂಡವರ ವಿಷಯ ಮಾತ್ರ ಕೆದಕುವುದು ಬೇಡ, ಸುಮ್ಮನೆ ಜನ ಗಾಬರಿಯಾಗುತ್ತಾರೆ ಎಂದರು. ಅಕ್ಕ ಚೀಲ ತೆಗೆದುಕೊಂಡು ಸೀದಾ ನಮ್ಮ ಆಸ್ಪತ್ರೆಗೆ ಬಂದಳು. ಡಾಕ್ಟರಿಗೆ ಎಲ್ಲ ಹೇಳಿದಳು. ಹಾಕಿಸಿಕೊಂಡವರಿಗೆಲ್ಲ ಅವರೇ ಫೋನು ಮಾಡಿ ಬರಹೇಳಿದರು.

ಮೊದಲು ಬಂದದ್ದು ಒಬ್ಬರು ಶಾಲಾ ಟೀಚರಮ್ಮ. ಬಲಭುಜ. ದಿನವಿಡೀ ಕೈಯೆತ್ತಿ ಬೋರ್ಡಿನ ಮೇಲೆ ಬರೆಯುವ ಭುಜ. ಆಸ್ಪತ್ರೆಯಿಂದ ಸುದ್ದಿ ಹೋಗಿ, ಕಂಪನಿಯವರು ಕೋಟು ಹಾಕಿದ ಒಬ್ಬನನ್ನು ಕಳಿಸಿದ್ದರು, ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿ. ಅಕ್ಕನೂ ಬಂದು ಪಕ್ಕದಲ್ಲಿ ನಿಂತಿದ್ದಳು. ಡಾಕ್ಟರು ಎಳೆದರು. ತಂತಿ ಬಂತು. ನಾನು ಎಕ್ಸ್‌ರೇ ತೆಗೆದೆ. ಪರದೆಯ ಮೇಲೆ ಭುಜದ ಮೂಳೆಯ ಪಕ್ಕ ಬಿಳಿಯ ಪುಟ್ಟ ಕೊಕ್ಕೆ, ಉಗುರಿನ ಚೂರಿನ ಹಾಗೆ, ಒಳಗೇ ಕೂತಿತ್ತು.

"ಪೂರ್ತಿ ಬಂತಾ?" ಎಂದು ಟೀಚರು ಕೇಳಿದರು.

ಕೋಟಿನವನು ಗಂಟಲು ಸರಿಮಾಡಿಕೊಂಡು, "ನೋಡಿ ಮೇಡಂ, ಬಹಳ ಸಣ್ಣದು, ಸಾಮಾನ್ಯವಾಗಿ ಇದ್ರಿಂದ ಏನೂ," ಎಂದು ಶುರು ಮಾಡಿದ.

"ಇಲ್ಲಮ್ಮ," ಎಂದಳು ಅಕ್ಕ. "ತುದಿ ಮುರಿದು ಒಳಗೆ ಉಳೀತು. ಆ ತಂತಿ ಮಾಡಿದವಳು ನಾನೇ."

ಟೀಚರು ನಿಧಾನವಾಗಿ ಎದ್ದು ಕೂತರು. "ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಅಕ್ಕ ಹೇಳಬಹುದಿತ್ತು. ತಾನು ಎಷ್ಟು ಸಲ ಹೋಗಿ ಹೇಳಿದೆ, ಯಾರು ನಕ್ಕರು, ಯಾರು ಯಂತ್ರ ಖಾಲಿಯಿಲ್ಲವೆಂದರು, ಎಲ್ಲವನ್ನೂ. ಅವಳು ಹೇಳಲಿ ಎಂದು ನಾನು ಕಾಯುತ್ತಿದ್ದೆ.

"ಅನುಮಾನ ಇತ್ತು," ಎಂದಳು.

"ಅನುಮಾನ ಇದ್ದೂ ನನ್ನ ಮೈಯೊಳಗೆ ಹಾಕೋಕೆ ಬಿಟ್ರಾ?"

ಟೀಚರು ಬೈಯತೊಡಗಿದರು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಬೈದ ಹಾಗೆ, ಒಂದೊಂದು ಮಾತೂ ಬಿಡಿಸಿ ಬಿಡಿಸಿ. ಓದಿದವರು ನೀವು, ಇದು ಯಾರ ಭುಜ ಅಂದುಕೊಂಡಿರಿ, ನಿಮ್ಮ ಮನೆಯವರಿಗೆ ಹೀಗೆ ಮಾಡ್ತಿದ್ರಾ ಎಂದರು. ನಮ್ಮ ಮನೆಯವರಿಗೂ ಹಾಕಿದೆವು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಅಕ್ಕ ಕಣ್ಣಲ್ಲೇ ತಡೆದಳು. ಹುಟ್ಟಿದಂದಿನಿಂದ ಒಂದು ಮಾತಿಗೆ ಹತ್ತು ಮಾತು ಹಿಂತಿರುಗಿಸಿದವಳು ಕೈಕಟ್ಟಿ ನಿಂತು ಕೇಳಿಸಿಕೊಂಡಳು. ಅವಳ ಕುತ್ತಿಗೆಯ ನರ ಉಬ್ಬಿತ್ತು.

ಕೋಟಿನವನು ಮುಂದೆ ಬಂದು, "ಮೇಡಂ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ, ಆಸ್ಪತ್ರೆಯಲ್ಲಿ ಇಷ್ಟು ಜೋರಾಗಿ," ಎಂದ.

ಅಕ್ಕ ಅವನ ಕಡೆ ತಿರುಗಿದಳು.

"ನೀವು ಬಾಯಿ ಮುಚ್ಚಿ. ಅವರು ಪೂರ್ತಿ ಹೇಳ್ಲಿ," ಎಂದಳು.

ಟೀಚರು ಪೂರ್ತಿ ಹೇಳಿದರು. ಅಷ್ಟು ಹೊತ್ತೂ ಆ ಬಿಳಿ ಕೊಕ್ಕೆ ನನ್ನ ಪರದೆಯ ಮೇಲೆ ಹಾಗೇ ಇತ್ತು.