ಐದನೆಯ ರಿಯಾಕ್ಟರ್ ಮತ್ತು ನನ್ನ ತಮ್ಮ

ನನ್ನ ತಮ್ಮ ಕಾಳಿ ನದಿಯ ದಂಡೆಯ ಅಣುವಿದ್ಯುತ್ ಸ್ಥಾವರದಲ್ಲಿ ಟೆಕ್ನೀಷಿಯನ್. ಅಲ್ಲಿ ಐದನೆಯ ಹಾಗೂ ಆರನೆಯ ರಿಯಾಕ್ಟರುಗಳನ್ನು ಕಟ್ಟುವ ಕುರಿತು ಅಹವಾಲು ಸಭೆ ಗೊತ್ತಾದಾಗ, ವಿರೋಧಿಸಿ ಮಾತನಾಡಲು ಒಪ್ಪಿದವರಲ್ಲಿ ನಾನೂ ಒಬ್ಬಳು. ವಿಷಯ ತಿಳಿದ ವಾರವೇ ಅವನು ಹೊಸಪೇಟೆಗೆ ಬಂದ. ಮನೆಯಲ್ಲಿ ಕೂತರೆ ಜಗಳವಾಗುತ್ತದೆಂದು ಕಡ್ಡಿರಾಂಪುರದ ಖಾನಾವಳಿಗೆ ಕರೆದೊಯ್ದ.

"ಯಕ್ಕಾ, ನನ್ನ ಬಾಗ್ಲಿಗೇ ಬಂದು ಒದರಬೇಕೇನು? ಹೊಸಪೇಟ್ಯಾಗ ಮೈಕ್ ಸಿಗಂಗಿಲ್ಲ?"

"ರಿಯಾಕ್ಟರ್ ಹೊಸಪೇಟ್ಯಾಗ ಕಟ್ಟಾಕತ್ತಿಲ್ಲಲ್ಲೋ."

"ನೀ ಮಾತಾಡಿ, ಚಪ್ಪಾಳಿ ಹೊಡಿಸ್ಕೊಂಡು ಬಸ್ ಹತ್ತತಿ. ನಾ ಮರುದಿನ ಅಲ್ಲೇ ಡ್ಯೂಟಿಗೆ ಹೋಗ್ಬೇಕು." ರೊಟ್ಟಿ ಮುರಿಯುತ್ತ, ತಲೆಯೆತ್ತದೆ ಹೇಳಿದ: "ಬ್ಯಾಡಬೇ. ಇದೊಂದು ಬಿಡು."

ಆ ಸ್ಥಾವರದ ಚರಿತ್ರೆ ನಮ್ಮಿಬ್ಬರಿಗೂ ಬಾಯಿಪಾಠ. ಆದರೆ ಅವನದೇ ಬೇರೆ, ನನ್ನದೇ ಬೇರೆ. ಯುರೇನಿಯಂ ಇಂಧನದಿಂದ, ಭಾರಜಲದ ನೆರವಿನಿಂದ ನಡೆಯುವ ನಾಲ್ಕು ರಿಯಾಕ್ಟರುಗಳು. ಮೊದಲನೆಯದು ಎರಡೂವರೆ ವರ್ಷಕ್ಕೂ ಮಿಕ್ಕಿ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿದ್ದು. ಇದು ಅವನ ಚರಿತ್ರೆ. ಕಟ್ಟುವ ಹಂತದಲ್ಲೇ ಅದೇ ಮೊದಲನೆಯದರ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದದ್ದು, ಕಾಡು ಕಡಿದದ್ದು, ಉರಿದು ಮುಗಿದ ಇಂಧನವನ್ನು ಇನ್ನೂ ಹುಟ್ಟದವರು ಕಾಯಬೇಕಾಗಿರುವುದು ನನ್ನ ಚರಿತ್ರೆ.

ನಾವು ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದವರು. ಉಂಡ ಮನೆಯ ವಿರುದ್ಧ ಮಾತೆತ್ತಬಾರದೆಂಬುದು ಅಪ್ಪನ ನಿಯಮ. ತಮ್ಮ ಅದನ್ನು ಪಾಲಿಸಿದ. ನನ್ನನ್ನು ಕಳುಹಿಸಿದ ಹಾಸ್ಟೆಲ್ ಶಾಲೆಯಲ್ಲಿ ಮಾತ್ರ, ಅನ್ಯಾಯವನ್ನು ಕಂಡೂ ಸುಮ್ಮನಿದ್ದವರು ಅದರ ಪಾಲುದಾರರೆಂದು ಕಲಿಸಿದ್ದರು. ಅದನ್ನು ನಾನು ಇಂದಿಗೂ ನಂಬುತ್ತೇನೆ.

"ಬಿಡಾಕ ಆಗಂಗಿಲ್ಲಪ್ಪ," ಎಂದೆ.

"ಗೊತ್ತಿತ್ತು ಬಿಡು," ಎಂದು ತಮ್ಮ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿದ. ಮತ್ತೆ ಆ ಮಾತು ತೆಗೆಯಲಿಲ್ಲ.

ಸಭೆಯಲ್ಲಿ ಒಂದನ್ನೂ ಬಿಡದೆ ಹೇಳಿದೆ. ಗುಮ್ಮಟ, ಕಾಡು, ನೆಲೆ ಕಳೆದುಕೊಂಡವರ ಪರಿಹಾರ, ಗುತ್ತಿಗೆ ಕಾರ್ಮಿಕರ ಆರೋಗ್ಯ, ಬಳಸಿದ ಇಂಧನ. ತಮ್ಮ ಶಾಮಿಯಾನದ ಕೊನೆಯಲ್ಲಿ ಸಹೋದ್ಯೋಗಿಗಳ ನಡುವೆ ನಿಂತಿದ್ದ. ಇಂಧನದ ಮಾತಿಗೆ ಬಂದಾಗ ನೋಡಿದರೆ ಆ ಜಾಗದಲ್ಲಿ ಬೇರೆ ಯಾರೋ ಇದ್ದರು. ಅವನ ಮನೆ ಅಲ್ಲಿಂದ ಹತ್ತಿರವೇ ಇತ್ತು. ಹೋಗಲು ನನಗೆ ಧೈರ್ಯ ಬರಲಿಲ್ಲ.

ಪ್ರತಿ ನಾಗರಪಂಚಮಿಗೆ ಬರುತ್ತಿದ್ದವನು ಆ ವರ್ಷ ಬರಲಿಲ್ಲ. ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಡ್ಯೂಟಿ ಐತಿ," ಎಂದ. ಹಿಂದಿನಿಂದ ಯಾರೋ, "ಯಾರದು ಫೋನು?" ಎಂದು ಕೇಳಿದ್ದು ಕಿವಿಗೆ ಬಿತ್ತು.

"ಯಾರಿಲ್ಲ, ಊರವ್ರು," ಎಂದ ತಮ್ಮ. ಬಳಿಕ ನನಗೆ ಮೆಲ್ಲಗೆ, "ಇಡ್ತೀನಿ," ಎಂದ.

ಅಕ್ಕನನ್ನು ಅಕ್ಕನೆನ್ನಲು ತಮ್ಮನಿಗೆ ಅಳುಕಾಗುವುದೂ ಅನ್ಯಾಯವೇ. ಅದನ್ನು ಯಾವ ಸಭೆಯಲ್ಲಿ ಹೇಳಬೇಕೆಂದು ನನಗಿನ್ನೂ ತಿಳಿದಿಲ್ಲ. ಹಬ್ಬಕ್ಕೆಂದು ಕಟ್ಟಿದ ಶೇಂಗಾ ಉಂಡಿಯನ್ನು ಆ ವಾರವೆಲ್ಲ ನಾನೊಬ್ಬಳೇ ತಿಂದೆ.