ಕೆರೆಗೆ ಬಿಟ್ಟ ಟ್ಯಾಂಕ್ ಕ್ಲೀನರ್

ನಾನು ಕೆರೆಗೆ ಬಕೆಟ್ ಬಗ್ಗಿಸುವ ಮೊದಲೇ ಏರಿಯ ಮೇಲಿದ್ದವನು ಕೂಗಿದನೋ, ಅಥವಾ ಬಗ್ಗಿಸಿದ ಮೇಲೆ ಕೂಗಿದನೋ. ಈ ಪ್ರಸಂಗವನ್ನು ಹೇಳುವಾಗಲೆಲ್ಲ ನನ್ನ ಬಾಯಲ್ಲಿ ಕೂಗು ಆಮೇಲೆಯೇ ಬರುತ್ತದೆ. ಹಾಗೆ ಬಂದರೆ ನನಗೆ ಅನುಕೂಲ. ಅದಕ್ಕೇ ನನಗೆ ಅನುಮಾನ.

ಮೀನು ಇದ್ದದ್ದು ಖಚಿತ. ಕೀಲ್ಪಾಕ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ, ಗಾಜಿನ ತೊಟ್ಟಿಯ ತಳದಲ್ಲಿ. ಮಗಳಿಗೆಂದು ಬಣ್ಣದ ಮೀನು ತಂದಾಗ, ತೊಟ್ಟಿ ಚೊಕ್ಕಟವಾಗಿರಲಿ ಎಂದು ಅಂಗಡಿಯವನು ಇದೊಂದನ್ನು ಸೇರಿಸಿ ಕೊಟ್ಟಿದ್ದ. ಅವನ ಪ್ರಕಾರ ಅದರ ಹೆಸರೇ ಟ್ಯಾಂಕ್ ಕ್ಲೀನರ್. ಕಪ್ಪು ಒರಟು ಮೈ, ಹೊಟ್ಟೆಯ ಕಡೆಗೆ ಬಾಯಿ. ತಳದ ಕಲ್ಲುಗಳಿಗೆ ಬಾಯಿ ಹಚ್ಚಿ ದಿನವಿಡೀ ಪಾಚಿ ಕೆರೆಯುತ್ತಿತ್ತು. ಬಣ್ಣದ ಮೀನುಗಳು ಒಂದೊಂದಾಗಿ ಸತ್ತವು. ಬೆರಳುದ್ದ ಬಂದಿದ್ದ ಇದು ಗೇಣು ದಾಟಿ ಬೆಳೆಯಿತು.

ಮೈಸೂರಿನಿಂದ ಬಂದು ನಮ್ಮೊಡನಿದ್ದ ಅಮ್ಮನಿಗೆ ಮನೆಯೊಳಗೆ ಮೀನೆಂದರೇ ಮುಜುಗರವಿತ್ತು. ಪಾಚಿ ತಿನ್ನುತ್ತದೆ ಎಂದು ತಿಳಿದ ಮೇಲೆ ರಾಜಿಯಾದಳು. ತಾನೇ ಸೌತೆಕಾಯಿ ಹೆಚ್ಚಿ ಹಾಕತೊಡಗಿದಳು.

"ನಮ್ಮೋರೇ ಕಣೋ ಇದು. ಈರುಳ್ಳೀನೂ ಮುಟ್ಟಲ್ಲ."

"ನೀಂಗ ಎಪ್ಪೋ ವೆಂಗಾಯಂ ಪೋಟ್ಟೀಂಗ, ಅಜ್ಜಿ?" ಈರುಳ್ಳಿ ಹಾಕಿ ನೋಡಿದ್ದು ಯಾವಾಗ ಎಂದು ಮಗಳು ಅಜ್ಜಿಗೆ ಅರ್ಥವಾಗದ ತಮಿಳಿನಲ್ಲೇ ಕಾಲೆಳೆದಳು.

ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಜಾಗವಿಲ್ಲದಂತಾಯಿತು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಕೊಲ್ಲುವ ಮಾತು ನಮ್ಮ ಮನೆಯಲ್ಲಿ ಏಳುವಂತಿರಲಿಲ್ಲ. ಮಗಳ ಹುಟ್ಟುಹಬ್ಬದಂದು ಒಂದು ಜೀವವನ್ನು ನೀರಿಗೆ ಬಿಟ್ಟರೆ ಪುಣ್ಯವೆಂದು ಅಮ್ಮ ತೀರ್ಮಾನಿಸಿದಳು. ಬೆಳಿಗ್ಗೆ ಪೂಜೆ ಮುಗಿಸಿ ಬಕೆಟ್ಟಿನೊಳಕ್ಕೆ ನಾಲ್ಕು ಕಾಳು ಅಕ್ಷತೆ ಹಾಕಿದಳು. ಮೂವರೂ ಆಟೋದಲ್ಲಿ ಊರಂಚಿನ ಕೆರೆಗೆ ಹೋದೆವು.

ಏರಿಯ ಮೇಲೆ ಒಬ್ಬ ಬಲೆ ಬಿಡಿಸುತ್ತ ಕೂತಿದ್ದ. ಪಕ್ಕದಲ್ಲಿ ಇದೇ ಜಾತಿಯ ಮೀನುಗಳ ರಾಶಿ ಬಿಸಿಲಿಗೆ ಒಣಗುತ್ತಿತ್ತು. ಆ ರಾಶಿಯನ್ನು ನೀರಿಗಿಳಿಯುವಾಗ ಕಂಡೆನೋ, ಹತ್ತಿ ಬರುವಾಗಲೋ?

"ವಿಡಾದೀಂಗ ಸಾರ್!" ಬಿಡಬೇಡಿ ಎಂಬ ಕೂಗು. ಮೀನು ನೀರಿಗೆ ಬಿದ್ದದ್ದೇ ತಳ ಸೇರಿತು.

ಅವನು ಬೈಯಲಿಲ್ಲ. ಬಲೆ ಎತ್ತಿ ತೋರಿಸಿದ. ಈ ಮೀನಿನ ಮುಳ್ಳು ಸಿಕ್ಕಿ ಅಲ್ಲಲ್ಲಿ ಹರಿದಿತ್ತು. ಇವು ತಳದಲ್ಲಿ ಬೇರೆ ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲವಂತೆ. ಈಗ ಬಲೆಗೆ ಬೀಳುವುದೆಲ್ಲ ಇವೇ, ಯಾರೂ ಕೊಳ್ಳುವುದಿಲ್ಲ. "ಸೋತ್ತುಕ್ಕು ನಾನ್ ಎನ್ನ ಸಾರ್ ಪಣ್ಣುವೇನ್?" ಅನ್ನಕ್ಕೆ ಏನು ಮಾಡಲಿ ಎಂದು ನನ್ನನ್ನೇ ಕೇಳಿದ.

ಅಮ್ಮನಿಗೆ ತಮಿಳು ಬಾರದು. "ಏನಂತಾನೋ?"

"ಮೀನು ಚೆನ್ನಾಗಿದೆ ಅಂತಾನಮ್ಮ."

"ಪಾಪ, ಒಳ್ಳೇ ಮನುಷ್ಯ," ಎಂದು ಅಮ್ಮ ಡಬ್ಬಿ ತೆಗೆದು ಹುಟ್ಟುಹಬ್ಬದ ಕೇಸರಿಬಾತನ್ನು ಅವನ ಕೈಗೆ ಹಾಕಿದಳು. ಅವನು ತಿಂದ. ಎರಡೂ ಭಾಷೆ ಬಲ್ಲ ಮಗಳು ನನ್ನ ಮುಖ ನೋಡುತ್ತ ನಿಂತಿದ್ದಳು.

ಈಗ ಅವಳು ಗಿಂಡಿಯ ಕಾಲೇಜಿನಲ್ಲಿದ್ದಾಳೆ. ಕೂಗಿದ್ದು ಮೊದಲೋ ಆಮೇಲೋ ಎಂದು ಮೊನ್ನೆ ಕೇಳಿದೆ. "ಅವರ್ ಮುನ್ನಾಡಿಯೇ ಸೊನ್ನಾರ್ ಪ್ಪಾ." ಮೊದಲೇ ಹೇಳಿದ್ದರು ಎನ್ನುತ್ತಾಳೆ. ಕೂಗಿದ್ದು ಆಮೇಲೆ ಎನ್ನುತ್ತಾಳೆ ಅಮ್ಮ. ಆದರೆ ಅವಳ ನೆನಪಿನಲ್ಲಿ ಅದು ಸಂತೋಷದ ಕೂಗು. ಅಮ್ಮನಿಗೆ ನಾನು ಇನ್ನೂ ನಿಜ ಹೇಳಿಲ್ಲ.

ಅಂದು ಕೇಸರಿಬಾತು ತಿಂದು ಕೈ ತೊಳೆದುಕೊಂಡು ಬಂದ ಆತ, ನಾವು ಬಿಟ್ಟ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇತ್ತೇ ಎಂದು ಕೇಳಿದ. ನಾನು ಏನೋ ಹೇಳಿ ಆಟೋ ಹತ್ತಿದೆ. ಏನು ಹೇಳಿದೆನೋ ನೆನಪಿಲ್ಲ. ಎರಡು ವರ್ಷ ಮನೆಯಲ್ಲಿದ್ದ ಮೀನು ಗಂಡೋ ಹೆಣ್ಣೋ ನಮಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.