ಒಲೆಯ ಮುಂದಿನಿಂದ ಕಾಣುವ ಪಾರ್ಕು

ಎಡೆಲ್ಮಿರಾ ಕಾಂತೂಳ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಬೀದಿಯಾಚೆ ಹಳೆಯ ಡೈರಿಯ ಬಯಲು. ಹಸುಗಳು ಹೋಗಿ ಎಷ್ಟೋ ಕಾಲವಾಗಿತ್ತು, ಬಯಲು ಮಕ್ಕಳದಾಗಿತ್ತು. ಹೋಟೆಲುಗಳಲ್ಲಿ ಹಾಸಿಗೆ ಬದಲಿಸಲು, ಆಸ್ಪತ್ರೆಯ ನೆಲ ಒರೆಸಲು ಹೊತ್ತು ಮೂಡುವ ಮೊದಲೇ ಹೊರಡುವ ನಮ್ಮ ಬೀದಿಯ ಹೆಂಗಸರು ಮಕ್ಕಳನ್ನು ಅವಳ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅವಳು ಒಲೆಯ ಮುಂದೆ ನಿಂತು ಬೀನ್ಸ್ ಕದಡುತ್ತ, ರೊಟ್ಟಿ ತಿರುವಿಹಾಕುತ್ತ, ಕಿಟಕಿಯಿಂದಲೇ ಆ ಸೈನ್ಯವನ್ನು ಆಳುತ್ತಿದ್ದಳು.

"ಬೆತೋ, ಮರ ಇಳಿ. ನಿಮ್ಮಮ್ಮ ನಿನ್ನ ಇಡಿಯಾಗಿ ಕೊಟ್ಟು ಹೋಗಿದಾಳೆ, ಇಡಿಯಾಗೇ ವಾಪಸ್ ಕೊಡಬೇಕು ನಾನು."

ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಗಂಡ ಫಿಡೆನ್ಸಿಯೊ, "ಕೆಲಸಕ್ಕೇನೂ ಹೋಗಲ್ಲ, ಮನೇಲೇ ಇರ್ತಾಳೆ" ಎನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸುತ್ತಲೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಬಯಲಿಗೆ ಗುಲಾಬಿ ಪಟ್ಟಿ ಕಟ್ಟಿದ ಗೂಟಗಳು ಬಂದವು. ಯಾವುದೋ ಕಂಪನಿ ಅಲ್ಲಿ ಮನೆಗಳನ್ನು ಕಟ್ಟಲಿತ್ತು. ನಮ್ಮ ಟೆಕ್ಸಾಸ್ ಊರಿನಲ್ಲಿ ಹಾಗೆ ಕಟ್ಟುವವರು ಮನೆಗಳ ಲೆಕ್ಕಕ್ಕೆ ತಕ್ಕಷ್ಟು ಜಾಗವನ್ನು ಪಾರ್ಕಿಗೆಂದು ನಗರಕ್ಕೆ ಬಿಟ್ಟುಕೊಡಬೇಕು. ಜಾಗ ಕೊಡಲು ಇಷ್ಟವಿಲ್ಲದಿದ್ದರೆ ಅದರ ಬದಲು ಫೀಸು ಕಟ್ಟಬಹುದು, ಆದರೆ ಅದಕ್ಕೆ ಪಾರ್ಕ್ ಮಂಡಳಿ ಒಪ್ಪಬೇಕು. ಹಾಗೆ ಕಟ್ಟಿದ ಫೀಸನ್ನು ನಗರ ಬೇರೆ ಪಾರ್ಕಿಗೆ ಸುರಿಯುತ್ತದೆ. ನಮ್ಮ ಪಾಲಿಗೆ ಆ ಬೇರೆ ಪಾರ್ಕು ಹೆದ್ದಾರಿಯಾಚೆ, ನದಿಯ ಪಕ್ಕದಲ್ಲಿತ್ತು. ಇವೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆಗ ಕೈಗೆ ಬಂದದ್ದು ಸ್ಪ್ಯಾನಿಷ್‌ನಲ್ಲಿ ಅಚ್ಚಾದ ಒಂದು ಚೀಟಿ ಮಾತ್ರ.

ಅದನ್ನು ಓದಿದವಳು ಪಕ್ಕದ ಮನೆಯ ಹೋವಿತಾ. ಎಡೆಲ್ಮಿರಾಳ ಮಗನಿಗೆ ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು.

"ಮಂಗಳವಾರ ಸಂಜೆ ನಗರಸಭೆ ಹಾಲಲ್ಲಿ ಪಾರ್ಕಿನ ಅರ್ಪಣೆಯಂತೆ, ಕೊಮಾದ್ರೆ."

"ಯಾರಿಗೆ ಅರ್ಪಣೆ?"

"ಅದನ್ನ ಬರೆದಿಲ್ಲ. ನಮ್ಮತ್ತೆಗಂತೂ ಅಲ್ಲ. ಅವಳ ಹೆಸರಿಟ್ರೆ ಅಲ್ಲಿ ಹುಲ್ಲೂ ಹುಟ್ಟಲ್ಲ."

ಕಾನೂನಿನ ಭಾಷೆಯಲ್ಲಿ ಜಾಗವನ್ನು ನಗರಕ್ಕೆ ಬಿಟ್ಟುಕೊಡುವುದಕ್ಕೂ ಅರ್ಪಣೆ ಎನ್ನುತ್ತಾರೆಂದು ನಮ್ಮ ಬೀದಿಗೆ ಹೇಗೆ ತಿಳಿಯಬೇಕು? ನಮಗೆ ಗೊತ್ತಿದ್ದ ಅರ್ಪಣೆ ಎರಡೇ. ಒಂದು, ಪ್ರಿಯರ ಹೆಸರು ಹೇಳಿ ರೇಡಿಯೋದಲ್ಲಿ ಹಾಡು ಅರ್ಪಿಸುವುದು. ಇನ್ನೊಂದು, ಪಾದ್ರಿ ತೀರ್ಥ ಚಿಮುಕಿಸಿ ಹೊಸ ಚರ್ಚನ್ನು ಅರ್ಪಿಸುವುದು. ಎರಡರಲ್ಲೂ ಅಳು ಇರುತ್ತದೆ, ಊಟ ಇರುತ್ತದೆ. ಹೆಂಗಸರು ರಜೆ ಕೇಳಿದರು. ಭಾನುವಾರದ ಉಡುಪುಗಳಿಗೆ ಇಸ್ತ್ರಿ ಬಿತ್ತು. ಸೋಮವಾರವೇ ಎಡೆಲ್ಮಿರಾಳ ಅಡುಗೆಮನೆಯಲ್ಲಿ ಮೆಕ್ಕೆಜೋಳದ ಸಿಪ್ಪೆ ನೆನೆಯಿತು, ಹಿಟ್ಟು ಕಲಸಿದರು, ಹಂದಿಮಾಂಸ ಬೆಂದಿತು. ಆರು ಜನ ಹೆಂಗಸರು ಕೂತು ಹಿಟ್ಟಿನೊಳಗೆ ಮಾಂಸವಿಟ್ಟು, ಹಬೆಯಲ್ಲಿ ಬೇಯಿಸಲು ಸಿಪ್ಪೆಯಲ್ಲಿ ತಮಾಲೆ ಸುತ್ತಿದರು. ಫಿಡೆನ್ಸಿಯೊ ಎರಡು ಸಲ ಬಂದು ಉಪ್ಪು ನೋಡಿ ಹೋದ.

ಮಂಗಳವಾರ ಸಭಾಂಗಣದ ಬಾಗಿಲಲ್ಲಿ ಕಾವಲಿನವನು ಪಾತ್ರೆಗಳನ್ನು ಒಳಗೆ ಬಿಡಲಿಲ್ಲ. ಅವು ಮೊಗಸಾಲೆಯಲ್ಲೇ ಕೂತವು, ವಾಸನೆ ಮಾತ್ರ ಒಳಗೆ ಬಂತು. ಮಂಡಳಿಯವರು ತಲೆಯೆತ್ತಿ ನೋಡಿದರು. ಸಾಮಾನ್ಯವಾಗಿ ಖಾಲಿ ಇರುವ ಕುರ್ಚಿಗಳ ತುಂಬ ಹೆಂಗಸರು, ಮುತ್ತಿನ ಓಲೆ, ಹೂವಿನ ಶಾಲು.

ಎದ್ದು ನಿಂತದ್ದು ಪಾದ್ರಿಯಲ್ಲ, ಕಂಪನಿಯ ವಕೀಲ ವಿಟ್‌ಲೊ. ಸಭ್ಯ ಮನುಷ್ಯ, ಮಾತಿನಲ್ಲಿ ತೂಕವಿತ್ತು. ಚೂರುಪಾರು ಪಾರ್ಕುಗಳು ಯಾರಿಗೂ ಉಪಯೋಗವಿಲ್ಲ, ಅವನ್ನು ನೋಡಿಕೊಳ್ಳುವುದೂ ಕಷ್ಟ, ಕಂಪನಿ ಸಂತೋಷದಿಂದ ಫೀಸು ಕಟ್ಟುತ್ತದೆ, ನದಿಯ ಪಕ್ಕದ ದೊಡ್ಡ ಪಾರ್ಕಿಗೆ ಇನ್ನೊಂದು ಚೆಂಡಾಟದ ಮೈದಾನ ಬರುತ್ತದೆ ಎಂದ.

ಅರ್ಥವಾಗುತ್ತ ಬಂದಂತೆ ಹೋವಿತಾಳ ಮುಖ ಕೆಂಪಾಯಿತು. "ಅಯ್ಯೋ, ಅರ್ಪಣೆನೂ ಇಲ್ಲ, ಮಣ್ಣೂ ಇಲ್ಲ. ಬಯಲನ್ನ ಪೂರ್ತಿ ನುಂಗೋಕೆ ಸೇರಿರೋ ಸಭೆ ಇದು. ನಡೀರೇ ಹೋಗೋಣ, ಮಾನ ಹೋಯ್ತು."

"ನಾನು ಹೋಗಲ್ಲ. ಮುಖಕ್ಕೆ ಪೌಡ್ರು ಹಾಕ್ಕೊಂಡು ಬಂದಿದೀನಿ, ಇಷ್ಟು ಬೇಗ ಒರೆಸಿಕೊಳ್ಳೋಕಾಗುತ್ತಾ?" ಎಂದ ಎಡೆಲ್ಮಿರಾ ನೇರವಾಗಿ ಮೈಕಿನ ಮುಂದೆ ಹೋಗಿ ನಿಂತಳು.

"ದೊಡ್ಡ ಪಾರ್ಕು ಚೆನ್ನಾಗಿದೆ ಸ್ವಾಮಿ, ನನ್ನ ಗಂಡ ಅಲ್ಲಿಗೆ ಚೆಂಡಾಡೋಕೆ ಹೋಗ್ತಾರೆ. ಅವರು ಹೋಗೋಕಾಗೋದು ಮನೇಲಿ ಒಲೆ ಮೇಲಿರೋದನ್ನ ನಾನು ನೋಡ್ಕೊಳ್ಳೋದ್ರಿಂದ. ನಾನು ಮಕ್ಕಳನ್ನ ಕರ್ಕೊಂಡು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ್ರೆ ಸಂಜೆ ಅಡುಗೆ ಯಾರು ಮಾಡ್ತಾರೆ? ನಮಗೆ ಪಾರ್ಕು ಬೇಕಾಗಿರೋದು ಒಲೆ ಮುಂದೆ ನಿಂತ್ರೆ ಕಾಣೋ ಕಡೆ. ಬೀದಿ ಮೂಲೇಲಿ, ದೊಡ್ಡ ಪಿಕಾನ್ ಮರ ಇದೆಯಲ್ಲ, ಅಲ್ಲಿ."

ಮಂಡಳಿಯ ಹಿರಿಯ ಸದಸ್ಯನೊಬ್ಬ ನಕ್ಕ. "ಅಮ್ಮಾ, ನಗರದ ಪಾರ್ಕನ್ನ ನಿಮ್ಮ ಅಡುಗೆಮನೆ ಲೆಕ್ಕಕ್ಕೆ ಕೂರಿಸೋಕಾಗುತ್ತಾ?"

"ಹಾಗಾದ್ರೆ ಯಾರ ಲೆಕ್ಕಕ್ಕೆ ಕೂರಿಸ್ತೀರಿ? ಮಕ್ಕಳನ್ನ ನೋಡ್ಕೊಳ್ಳೋರು ನಿಂತಿರೋದು ಅಲ್ಲೇ."

"ಮೂಲೆಯ ನಿವೇಶನಗಳಿಗೇ ಬೆಲೆ ಜಾಸ್ತಿ" ಎಂದು ವಿಟ್‌ಲೊ ಮೆಲ್ಲಗೆ ನೆನಪಿಸಿದ.

"ನನಗೂ ಅದಕ್ಕೇ ಬೇಕು" ಎಂದಳು ಎಡೆಲ್ಮಿರಾ. ಹಿಂದಿನ ಸಾಲಿನಲ್ಲಿ ನಗು ಎದ್ದಿತು.

ಮಂಡಳಿಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅಧ್ಯಕ್ಷೆ ಓಸ್‌ಗುಡ್ ಕನ್ನಡಕ ತೆಗೆದು, "ಜಾಗ ಕೇಳಬಹುದು. ವಕೀಲರು ಹೇಳಿದ ಒಂದು ಮಾತು ಮಾತ್ರ ನಿಜ, ಚಿಕ್ಕ ಪಾರ್ಕನ್ನ ನೋಡಿಕೊಳ್ಳೋದು ನಗರಕ್ಕೆ ಹೊರೆ" ಎಂದರು.

ಹಿರಿಯ ಸದಸ್ಯನಿಗೆ ಕೂಡಲೇ ದಾರಿ ಹೊಳೆಯಿತು. "ಈ ಹೆಂಗಸರೇ ನೋಡ್ಕೊಳ್ಳಲಿ. ಗುಡಿಸೋದು, ಕಸ ಎತ್ತೋದು, ಗಿಡಕ್ಕೆ ನೀರು. ಹೇಗೂ ಮನೇಲೇ ಇರ್ತಾರೆ. ಒಪ್ಪಿದ್ರೆ ನನ್ನ ಮತ ಅವರಿಗೆ."

ಹೋವಿತಾ ಆಗಲೇ ಎದ್ದಿದ್ದಳು. "ಮಾಡ್ತೀವಿ ಸ್ವಾಮಿ. ಸರದಿ ಹಾಕ್ಕೊಂಡು ಮಾಡ್ತೀವಿ." ಅವಳ ಹಿಂದೆ ಇನ್ನೂ ನಾಲ್ಕು ಜನ ಎದ್ದರು. ಹತ್ತು ಮಹಡಿಯ ಹೋಟೆಲು ಗುಡಿಸಿ ಬಂದ ಕೈಗಳು ಅವು.

"ಹೋವಿತಾ, ಕೂತ್ಕೋ" ಎಂದಳು ಎಡೆಲ್ಮಿರಾ.

"ಕೊಮಾದ್ರೆ, ಕೈಗೆ ಬಂದದ್ದನ್ನ ಕಳೀಬೇಡ ಕಣೆ."

"ಕೂತ್ಕೋ ಅಂದೆ." ಅವಳು ಮೈಕಿನ ಕಡೆ ತಿರುಗಿದಳು. "ನದಿ ಪಕ್ಕದ ಪಾರ್ಕನ್ನ ಗುಡಿಸೋರು ಯಾರು?"

"ನಗರದ ನೌಕರರು" ಎಂದರು ಅಧ್ಯಕ್ಷೆ.

"ಸಂಬಳ ತಗೊಂಡು?"

"ಹೌದು."

"ಅಲ್ಲಿ ಆಡೋ ಗಂಡಸರನ್ನ ಯಾರೂ ಪೊರಕೆ ಕೇಳಿಲ್ಲ. ನಾವೂ ಹಿಡಿಯಲ್ಲ. ನಮ್ಮನೆ ನೆಲ ನಮಗಿದೆ. ಪಾರ್ಕು ನಗರದ್ದು, ನಗರದೋರೇ ಗುಡಿಸಲಿ. ಆಗೋದಿಲ್ಲ ಅಂದ್ರೆ ಈಗಲೇ ಹೇಳಿ, ಹೊರಗೆ ತಮಾಲೆ ತಣ್ಣಗಾಗ್ತಿದೆ."

ಹೋವಿತಾ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡಳು. ಎಡೆಲ್ಮಿರಾ ಅಲುಗಲಿಲ್ಲ. ಅನ್ನ ಬೇಯುವುದನ್ನು ಕಾಯುವಷ್ಟೇ ನಿರಾಳವಾಗಿ ಉತ್ತರಕ್ಕೆ ಕಾದಳು.

ಕೈ ಎತ್ತಿಸಿ ಎಣಿಸಿದರು. ಜಾಗ, ಮೂಲೆಯಲ್ಲಿ, ಮರದ ಸಮೇತ. ನಿರ್ವಹಣೆ ನಗರದ್ದು. ಕೊನೆಗೆ ಕೈ ಎತ್ತಿದವನು ಆ ಹಿರಿಯ ಸದಸ್ಯ. ಮೊಗಸಾಲೆಯಲ್ಲಿ ತಮಾಲೆಗೆ ಮೊದಲು ತಟ್ಟೆ ಚಾಚಿದವನೂ ಅವನೇ.

ಈಗ ಗುರುವಾರಗಳಂದು ನಗರದ ಲಾರಿ ಬರುತ್ತದೆ, ನೌಕರ ಇಳಿದು ಹುಲ್ಲು ಕತ್ತರಿಸುತ್ತಾನೆ. ಮೊದಲ ಸಲ ಬಂದವನು ಕೆಲಸ ಮುಗಿಸಿ ಎಡೆಲ್ಮಿರಾಳ ಬಾಗಿಲು ಬಡಿದು, ಪಿಕಾನ್ ಕಾಯಿಯ ಸಿಪ್ಪೆ ಬಹಳ ಬಿದ್ದಿದೆ, ಒಂದು ಪೊರಕೆ ಸಿಗುತ್ತದೆಯೇ ಎಂದು ಕೇಳಿದ.

"ಪೊರಕೆ ಇದೆ. ಅದರ ಜೊತೆ ನನ್ನ ಕೈ ಬರಲ್ಲ" ಎಂದು ಅದನ್ನು ಅವನಿಗೆ ಕೊಟ್ಟು, ಅವಳು ರೊಟ್ಟಿ ತಿರುವಿಹಾಕಲು ಒಳಗೆ ಹೋದಳು.